ತಾಳಮದ್ದಳೆಗೆ ಮಿಕ್ಸರ್ ಹೊಂದಿಸುವಾಗ

ಮೇ ತಿಂಗಳ ಕೊನೆಯಲ್ಲಿ ಬರುವ ತುಳುನಾಡಿನ ಪತ್ತನಾಜೆಯ ದಿನ ಕಳೆದು ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ಕರಾವಳಿಯ ದೇವಸ್ಥಾನಗಳಲ್ಲಿಯೂ ಸಭಾಭವನಗಳಲ್ಲಿಯೂ ತಾಳಮದ್ದಳೆಯ ಕೂಟಗಳು ಹೆಚ್ಚುತ್ತವೆ. ಕೆಲವು ವರ್ಷಗಳಿಂದ ನಾನು ಮಳೆಗಾಲದಲ್ಲಿ ಹಲವು ಮೈಕುಗಳ ಧ್ವನಿಯನ್ನು ಬೆರೆಸುವ ಪುಟ್ಟ ಮಿಕ್ಸರ್ ಒಂದನ್ನು ಚೀಲದಲ್ಲಿಟ್ಟುಕೊಂಡು ಹೋಗಿ ಇಂತಹ ಕೂಟಗಳನ್ನು ಮುದ್ರಿಸಿಕೊಳ್ಳುತ್ತಿದ್ದೇನೆ. ವೇಷವಾಗಲಿ ಕುಣಿತವಾಗಲಿ ಇಲ್ಲದೆ ಮಾತು ಮತ್ತು ಹಾಡುಗಾರಿಕೆಯನ್ನೇ ನೆಚ್ಚಿಕೊಂಡ ಕಲೆ ಇದಾದ್ದರಿಂದ, ಧ್ವನಿ ಕೆಟ್ಟರೆ ಕೇಳುಗನಿಗೆ ಉಳಿಯುವುದು ಏನೂ ಇಲ್ಲ.

ಮೊದಲ ವರ್ಷವೇ ನಾನು ಹಾಗೆ ಒಂದು ರಾತ್ರಿಯನ್ನು ಕೆಡಿಸಿದೆ. ವಾಲಿಯ ಅರ್ಥ (ಪಾತ್ರದ ಮಾತು) ಹೇಳಬೇಕಿದ್ದ ಹಿರಿಯರು ಆರಂಭಕ್ಕೆ ಮುನ್ನ ಮೈಕಿನ ಮುಂದೆ ಕುಳಿತು "ಕೇಳ್ತದಾ?" ಎಂದು ಮೆಲ್ಲಗೆ ವಿಚಾರಿಸಿದರು, ನಾನು ಆ ಮಟ್ಟಕ್ಕೇ ಗೇನ್ (ಮೈಕಿನ ಸಂಕೇತವನ್ನು ಹಿಗ್ಗಿಸುವ ಗುಂಡಿ) ಹೊಂದಿಸಿ ನಿಶ್ಚಿಂತನಾದೆ. ಸುಗ್ರೀವನ ಕರೆಯನ್ನು ಕೇಳಿ ವಾಲಿ ಗರ್ಜಿಸಿದಾಗ ಆ ಮೈಕಿನ ದಾರಿಯಾದ ಚಾನೆಲ್ಲಿನ ಕೆಂಪು ದೀಪ ಹೊತ್ತಿಕೊಂಡಿತು, ನಾನು ಗಾಬರಿಯಿಂದ ಸದ್ದಿನ ಮಟ್ಟವನ್ನು ಏರಿಳಿಸುವ ಜಾರುಗುಂಡಿಯಾದ ಫೇಡರ್ ಇಳಿಸಿದೆ. ಮುದ್ರಣದಲ್ಲಿ ಆ ಗರ್ಜನೆಯ ಸದ್ದು ತಗ್ಗಿತೇ ಹೊರತು ಅದರ ಒಡಕು ಹೋಗಲಿಲ್ಲ. ಮೈಕಿನಿಂದ ಬರುವ ಸಂಕೇತ ಕೆಲವೇ ಮಿಲಿವೋಲ್ಟುಗಳಷ್ಟಿರುತ್ತದೆ. ಅದನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬುದನ್ನು ಚಾನೆಲ್ಲಿನ ಆರಂಭದಲ್ಲೇ ಇರುವ ಗೇನ್ ನಿರ್ಧರಿಸುತ್ತದೆ, ಫೇಡರ್ ಬರುವುದು ಅದಾದ ಬಳಿಕ. ಹಿಗ್ಗುವಾಗಲೇ ತಲೆ ಕತ್ತರಿಸಿಹೋದ ಅಲೆಯನ್ನು ಫೇಡರ್ ಚಿಕ್ಕದು ಮಾಡಬಲ್ಲದು, ಸರಿಪಡಿಸಲಾರದು.

ಅಂದಿನಿಂದ ಪರೀಕ್ಷೆಯ ಮಾತನ್ನು ನಾನು ನಂಬುವುದಿಲ್ಲ. ಏರುದನಿಯಲ್ಲಿ ನಾಲ್ಕು ಮಾತಾಡಿ ತೋರಿಸಿ ಎಂದು ಒಮ್ಮೆ ಕೇಳಿಕೊಂಡದ್ದಕ್ಕೆ, "ಇಲ್ಲಿಯೇ ಖರ್ಚು ಮಾಡಿದ್ರೆ ಅಲ್ಲಿಗೆ ಏನು ಉಳೀತದೆ ಮಾರಾಯ್ರೆ?" ಎಂಬ ಉತ್ತರ ಬಂತು, ಅದೂ ನ್ಯಾಯವೇ. ಹಾಗಾಗಿ ಮೆಲುದನಿಯ ಪರೀಕ್ಷೆಯಲ್ಲಿ ಮೀಟರಿನ ಏರಿಕೆ ಮೈನಸ್ 20 ಡೆಸಿಬೆಲ್ (ಸೊನ್ನೆ ಎಂದರೆ ಸದ್ದು ಒಡೆಯುವ ಮಿತಿ) ಆಸುಪಾಸಿನಲ್ಲೇ ನಿಲ್ಲುವಂತೆ ಗೇನ್ ಇಡುತ್ತೇನೆ. 24 ಬಿಟ್ ಮುದ್ರಣದಲ್ಲಿ ಇಷ್ಟು ತಗ್ಗಿಸಿದರೂ ನಷ್ಟವಿಲ್ಲ, ಆಮೇಲೆ ಏರಿಸಿಕೊಳ್ಳಬಹುದು. ಚೆಂಡೆಯ ಮಾತು ಬೇರೆ. ಗೇನನ್ನು ಪೂರ್ತಿ ಇಳಿಸಿದರೂ ಕೆಂಪು ದೀಪ ಮಿನುಗುತ್ತಿದ್ದರೆ ಪ್ಯಾಡ್ ಗುಂಡಿಯನ್ನು ಒತ್ತಲೇಬೇಕು; ನನ್ನ ಮಿಕ್ಸರಿನಲ್ಲಿ ಅದು ಸಂಕೇತವನ್ನು ಅದನ್ನು ಹಿಗ್ಗಿಸುವ ಪ್ರೀಆಂಪಿಗೆ ಮುಟ್ಟುವ ಮೊದಲೇ 20 ಡೆಸಿಬೆಲ್ ತಗ್ಗಿಸುತ್ತದೆ.

ಮಿಕ್ಸರಿನಿಂದ ಮೈಕಿನ ಕೇಬಲ್ ಮೂಲಕವೇ ಹೋಗುವ 48 ವೋಲ್ಟಿನ ವಿದ್ಯುತ್ತು, ಅಂದರೆ ಫ್ಯಾಂಟಮ್ ಪವರ್, ಬೇಕಾಗುವುದು ಕಂಡೆನ್ಸರ್ ಮೈಕುಗಳಿಗೆ. ಈ 48ರ ಮೂಲ ಸ್ವಾರಸ್ಯಕರವಾಗಿದೆ: 1966ರಲ್ಲಿ ನಾರ್ವೆಯ ರೇಡಿಯೋ ಸಂಸ್ಥೆಗಾಗಿ ನ್ಯೂಮನ್ ಕಂಪನಿ ಮೈಕ್ ರೂಪಿಸಿದಾಗ, ಅಲ್ಲಿನ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗೆಂದು ಇದ್ದ 48 ವೋಲ್ಟಿನ ವಿದ್ಯುತ್ತನ್ನೇ ಬಳಸಿಕೊಂಡಿತು. ನನ್ನದರಂತಹ ಅನೇಕ ಸಣ್ಣ ಮಿಕ್ಸರುಗಳಲ್ಲಿ ಎಲ್ಲ ಮೈಕ್ ಇನ್‌ಪುಟ್‌ಗಳಿಗೂ ಸೇರಿ ಇದಕ್ಕೆ ಒಂದೇ ಸ್ವಿಚ್ಚು. ಸರಿಯಾದ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ ಇದ್ದರೆ ವಿದ್ಯುತ್ತೇ ಬೇಡದ ಸಾಮಾನ್ಯ ಡೈನಾಮಿಕ್ ಮೈಕಿಗೆ ಅದರಿಂದ ತೊಂದರೆಯಾಗುವುದಿಲ್ಲ. ಆದರೆ ಸಭಾಭವನದ ಧ್ವನಿವರ್ಧಕದವರಿಂದ ಒಂದು ಲೈನ್ (ಮೈಕಿನದಕ್ಕಿಂತ ಬಹಳ ಬಲವಾದ ಸಂಕೇತ) ಪಡೆಯುವಾಗ ಎಚ್ಚರ ಬೇಕು. ಅದನ್ನು ಮೈಕ್ ಇನ್‌ಪುಟ್ಟಿಗೆ ಚುಚ್ಚಿದರೆ ಸದ್ದು ಒಡೆಯುತ್ತದೆ, ಜೊತೆಗೆ ಫ್ಯಾಂಟಮ್ ಆನ್ ಆಗಿದ್ದರೆ ಅವರ ಉಪಕರಣಕ್ಕೇ ಹಾನಿಯಾಗಬಹುದು. ನಾನು ಅದನ್ನು ಲೈನ್ ಜ್ಯಾಕಿಗೇ ಕೊಡುತ್ತೇನೆ. ಕೇಬಲ್ ಹಾಕುವ ಮತ್ತು ಕೀಳುವ ಮೊದಲು ಫೇಡರ್ ಇಳಿಸಿ, ಫ್ಯಾಂಟಮ್ ಆರಿಸುತ್ತೇನೆ.

ಲೋ ಕಟ್ ಗುಂಡಿ ಒತ್ತಿದರೆ ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಗುಂಯ್ ಸದ್ದು ಸೋಸಿಹೋಗುತ್ತದೆ. ಅರ್ಥಧಾರಿಗಳ ಮೈಕುಗಳಲ್ಲಿ ನಾನು ಅದನ್ನು ಯಾವಾಗಲೂ ಒತ್ತಿರುತ್ತೇನೆ, ಏಕೆಂದರೆ ವೇದಿಕೆಯ ಹಲಗೆಯ ಮೇಲೆ ಯಾರಾದರೂ ನಡೆದಾಡಿದರೂ ಫ್ಯಾನಿನ ಗಾಳಿ ಬಡಿದರೂ ಆ ಸದ್ದೇ ಮೊದಲು ಒಳನುಗ್ಗುತ್ತದೆ. ಮದ್ದಳೆಯ ಮೈಕಿನಲ್ಲಿ ಒತ್ತುವುದಿಲ್ಲ. ಎಡಮುಖದ ತಗ್ಗಿನ ನಾದವನ್ನು ನಾವೇ ಕಳೆದುಕೊಳ್ಳುವುದೇಕೆ? ತಗಡಿನ ಮಾಡಿನ ಮೇಲೆ ಸುರಿಯುವ ಮಳೆಗಂತೂ ಈ ಗುಂಡಿಯಿಂದ ಪ್ರಯೋಜನವಿಲ್ಲ. ಅದರ ಸದ್ದು ಎಲ್ಲ ಕಂಪನಾಂಕಗಳಲ್ಲೂ ಹರಡಿಕೊಂಡಿರುತ್ತದೆ. ಮೈಕನ್ನು ಬಾಯಿಗೆ ಹತ್ತಿರ ತಂದು ಗೇನ್ ತಗ್ಗಿಸುವುದೊಂದೇ ದಾರಿ.

ಹೆಡ್‌ಫೋನಿನಲ್ಲಿ ಪಿಎಫ್‌ಎಲ್ (ಫೇಡರಿಗೆ ಮುಂಚಿನ ಸದ್ದನ್ನು ಕೇಳಿಸುವ) ಗುಂಡಿ ಒತ್ತಿ ಪ್ರತಿ ಚಾನೆಲ್ಲನ್ನೂ ಒಂಟಿಯಾಗಿ ಕೇಳುವುದನ್ನು ನಾನು ತಪ್ಪಿಸುವುದಿಲ್ಲ. ಸಡಿಲ ಪಿನ್ನಿನ ಗೊರಗೊರ ಸದ್ದು ಎಲ್ಲವೂ ಬೆರೆತಾಗ ಅಡಗಿಕೊಂಡು, ಅರ್ಥಧಾರಿಗಳ ಮೌನದ ನಡುವೆಯೇ ತಲೆಯೆತ್ತುತ್ತದೆ.

ಹಾಡುವ ಭಾಗವತರ ಮೊದಲ ಪದ್ಯ ಮುಗಿಯುವವರೆಗೆ ಮಾತ್ರ ನನ್ನ ಬೆರಳು ಗೇನಿನ ಮೇಲಿರುತ್ತದೆ. ಅರ್ಥ ಆರಂಭವಾದ ಮೇಲೆ ಫೇಡರನ್ನಷ್ಟೇ ಆಡಿಸುತ್ತೇನೆ: ಪದ್ಯ ಬಂದಾಗ ಭಾಗವತರದನ್ನು ಏರಿಸಿ, ಮಾತು ಶುರುವಾದಾಗ ಮದ್ದಳೆಯದನ್ನು ಒಂದು ಕೂದಲೆಳೆಯಷ್ಟು ಇಳಿಸಿ, ಕೆಂಪು ದೀಪವಿರುವ ಕಡೆಗೆ ಒಂದು ಕಣ್ಣಿಟ್ಟು ಕುಳಿತಿರುತ್ತೇನೆ.