ಸ್ಟುಟ್‌ಗಾರ್ಟ್‌ನಲ್ಲಿ ಮಕ್ಕಳಿಗೆ ಮನೆ ನೋಡಲು ಹೊರಟವರಿಗೆ

ಮೂರು ವಾರ ಸ್ಟುಟ್‌ಗಾರ್ಟ್‌ನಲ್ಲಿದ್ದು ಬಸವನಗುಡಿಗೆ ವಾಪಸು ಬಂದು ಹತ್ತು ದಿನವಾಯಿತು. ಮಗ ಅಲ್ಲಿ ಫ್ಲಾಟ್ ಕೊಳ್ಳಬೇಕೆಂದಿದ್ದಾನೆ. "ಅಮ್ಮ, ನೀವಿಬ್ಬರೂ ಒಂದು ಸಲ ಬಂದು ನೋಡಿ ಹೇಳಿ" ಅಂದ, ಹೋದೆವು. ನಮ್ಮ ರಸ್ತೆಯಲ್ಲೇ ಇನ್ನೂ ಎರಡು ಮನೆಯವರು ಇದೇ ಕೆಲಸಕ್ಕೆ ಜರ್ಮನಿಗೆ ಹೊರಟಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ವೀಸಾ, ಟಿಕೆಟ್ಟು, ಸ್ವೆಟರಿನ ವಿಷಯ ಎಲ್ಲ ಕಡೆ ಸಿಗುತ್ತದೆ, ಬಿಡಿ.

ಮೊದಲು ರೂಮಿನ ವಿಷಯ. ಸೆಪ್ಟೆಂಬರ್ ಕೊನೆಯಲ್ಲಿ ಹೋಗಬೇಡಿ. ಆಗ ಸ್ಟುಟ್‌ಗಾರ್ಟಿನದೇ ಒಂದು ಭಾಗವಾದ ಬಾಡ್ ಕಾನ್‌ಸ್ಟಾಟ್‌ನಲ್ಲಿ ಫೋಕ್ಸ್‌ಫೆಸ್ಟ್ ಎಂಬ ದೊಡ್ಡ ಜಾತ್ರೆ ಶುರುವಾಗಿ ಅಕ್ಟೋಬರ್‌ವರೆಗೂ ನಡೆಯುತ್ತದೆ. ಅದು ಗೊತ್ತಿಲ್ಲದೆ ಜಾತ್ರೆ ಮೈದಾನದ ಪಕ್ಕದಲ್ಲೇ ಒಂದು ವಾರಕ್ಕೆ ರೂಮು ಹಿಡಿದೆವು. ರಾತ್ರಿಗೆ 148 ಯೂರೋ. ಎರಡು ಮಂಚ, ಒಂದು ಕಿಟಕಿ, ಕೆಟಲ್ ಕೂಡ ಇಲ್ಲ. ಅದೇ ರೂಮು ಜಾತ್ರೆ ಮುಗಿದ ಮೇಲೆ 65 ಯೂರೋ ಎಂದು ಮಗ ಫೋನಿನಲ್ಲಿ ತೋರಿಸಿದಾಗ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಜನಜಂಗುಳಿ ನನಗೆ ತೊಂದರೆಯಲ್ಲ, ಗೌರಿಹಬ್ಬದ ಹಿಂದಿನ ದಿನ ಗಾಂಧಿಬಜಾರಿನಲ್ಲಿ ಹೂವು ತರುವವಳು ನಾನು. ಆದರೆ ಬಿಡುವ ದಿನ ರೂಮಿನವರು ಡಿಪಾಸಿಟ್ಟಿನಲ್ಲಿ 75 ಯೂರೋ ಹಿಡಿದುಕೊಂಡರು. ಕಾರಣ, ಕಸ ಬೇರೆ ಮಾಡಿರಲಿಲ್ಲವಂತೆ. ಸಿಪ್ಪೆ ಒಂದಕ್ಕೆ, ಪ್ಯಾಕೆಟ್ಟು ಒಂದಕ್ಕೆ, ಕಾಗದ ಇನ್ನೊಂದಕ್ಕೆ. ಬೆಂಗಳೂರಿನಲ್ಲಿ ಹಸಿ ಕಸ, ಒಣ ಕಸ ಎಂದು ಬೇರೆ ಮಾಡುವವರೇ ನಾವು. ಆ ಮನೆಯಲ್ಲಿ ಇದ್ದದ್ದು ಒಂದೇ ಬುಟ್ಟಿ, ಒಂದು ಚೀಟಿಯೂ ಅಂಟಿಸಿರಲಿಲ್ಲ. ರೂಮಿಗೆ ಕಾಲಿಟ್ಟ ತಕ್ಷಣ ಕಸದ ಬುಟ್ಟಿ, ನಲ್ಲಿ, ಗೋಡೆ ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಿ. ನಾವು ತೆಗೆಯಲಿಲ್ಲ.

ಆಮೇಲೆ ಫಾಯರ್‌ಬಾಖ್‌ಗೆ ಬದಲಾಯಿಸಿದೆವು. ಸೆಂಟ್ರಲ್ ಸ್ಟೇಷನ್ನಿನಿಂದ ಲೋಕಲ್ ರೈಲಿನಲ್ಲಿ ಎರಡೇ ಸ್ಟಾಪು. ನನ್ನ ಮಟ್ಟಿಗೆ ಆ ಊರಿನಲ್ಲಿ ನಮ್ಮವರು ಉಳಿಯಬೇಕಾದ ಜಾಗ ಅದೇ. ಸ್ಟೇಷನ್ ಹತ್ತಿರ ಟರ್ಕಿಯವರ ಅಂಗಡಿಗಳು ಸಾಲಾಗಿವೆ. ಕೊತ್ತಂಬರಿ ಸೊಪ್ಪು ಕಟ್ಟಿನಲ್ಲಿ ಸಿಗುತ್ತದೆ, ಬದನೆಕಾಯಿ ಕೈಯಲ್ಲಿ ಒತ್ತಿ ನೋಡಿದರೆ ಯಾರೂ ಗದರುವುದಿಲ್ಲ. ಅಲ್ಲೊಂದು ನಾಲ್ಕು ಮೇಜಿನ ಹೋಟೆಲಿದೆ. ಮಸೂರ ಬೇಳೆಯ ಸೂಪು, ಥೇಟ್ ನಮ್ಮ ತೊವ್ವೆ. ಮೇಲೆ ಕೆಂಪು ಮೆಣಸಿನ ಪುಡಿ ಹಾಕಿ ಕಾಯಿಸಿದ ಬೆಣ್ಣೆ ಒಂದು ಚಮಚ, ಪಕ್ಕದಲ್ಲಿ ನಿಂಬೆಹಣ್ಣಿನ ಹೋಳು, ಆಗತಾನೇ ಸುಟ್ಟ ಬ್ರೆಡ್ಡು. ಐದು ಯೂರೋ. ಬ್ರೆಡ್ಡು ಮುಗಿದರೆ ಕೇಳದೆಯೇ ಇನ್ನೊಂದು ತಂದಿಡುತ್ತಾರೆ, ಅದಕ್ಕೆ ದುಡ್ಡಿಲ್ಲ. ಮಾಂಸದ ಸಾರು ಹಾಕಿದ್ದೀರಾ ಎಂದು ಮೊದಲ ದಿನ ಮಗನಿಂದ ಕೇಳಿಸಿದೆ. ಹೋಟೆಲಿನವರು ಅಡುಗೆಮನೆಗೇ ಕರೆದು ಪಾತ್ರೆ ತೋರಿಸಿದರು. ಅಲ್ಲಿದ್ದ ಹನ್ನೆರಡು ದಿನದಲ್ಲಿ ಒಂಬತ್ತು ದಿನ ಅಲ್ಲೇ ಉಂಡಿದ್ದೇವೆ. ಊರಿನವರ ಬೇಳೆ ಊಟವೂ ಇದೆ, ಸ್ಪೆಟ್ಸ್‌ಲೆ ಎಂಬ ಶಾವಿಗೆಯಂಥದ್ದರ ಜೊತೆ ಕೊಡುತ್ತಾರೆ. ಆದರೆ ಸಾಸೇಜು ತೆಗೆಸಿದರೂ ಬೇಳೆಯೊಳಗೇ ಹಂದಿಮಾಂಸ ಬೆಂದಿರಬಹುದು, ಕೇಳದೆ ಬಾಯಿಗಿಡಬೇಡಿ.

ಈಗ ಮನೆ. ಸ್ಟುಟ್‌ಗಾರ್ಟ್ ಬಾಣಲೆಯಂಥ ಊರು, ಸುತ್ತ ಗುಡ್ಡ. ಗುಡ್ಡದ ಮೇಲಿನ ಮನೆಗಳಿಂದ ಕಾಣುವ ನೋಟ ಚೆಂದ, ಬೆಲೆಯೂ ಹಾಗೇ. ಅಲ್ಲಿಗೆ ಹತ್ತಲು ಬೀದಿ ಬೀದಿಗೆ ಕಲ್ಲಿನ ಮೆಟ್ಟಿಲುಗಳಿವೆ. ಮೊದಲು ನೋಡಿದ ಮನೆ ಅಂಥದ್ದು. ಅರ್ಧ ಹತ್ತುವಷ್ಟರಲ್ಲಿ ನಮ್ಮ ಯಜಮಾನರ ಮಂಡಿ ಬೇಡವೆಂದಿತು. ಎರಡನೆಯದು ಫಾಯರ್‌ಬಾಖ್‌ನಲ್ಲೇ, ಎರಡನೇ ಮಹಡಿ. ಒಳಗೆ ಹೋದೊಡನೆ ಮನಸ್ಸಿಗೆ ಬಂತು. ಅಡುಗೆಮನೆ ಅಷ್ಟು ಅಚ್ಚುಕಟ್ಟು, ಬೆಳಕು ನೇರ ಒಲೆಯ ಮೇಲೆ ಬೀಳುತ್ತಿತ್ತು. ನಾನು ಡಬ್ಬ ಜೋಡಿಸುವ ಲೆಕ್ಕ ಹಾಕುತ್ತಿದ್ದೆ. ಆಮೇಲೆ ತಿಳಿಯಿತು, ಅಡುಗೆಮನೆ ಬೆಲೆಯಲ್ಲಿ ಸೇರಿಲ್ಲ! ಕಪಾಟು, ಒಲೆ, ಸಿಂಕು ಎಲ್ಲ ಬಿಚ್ಚಿಕೊಂಡು ಹೋಗುತ್ತಾರೆ, ಬೇಕಿದ್ದರೆ ಬೇರೆಯಾಗಿ 9,000 ಯೂರೋ. ಮಗನಿಗೆ ಇದು ಗೊತ್ತು, ಹೇಳಲು ಮರೆತಿದ್ದ. ಅಲ್ಲಿ ಇದು ಮೋಸವಲ್ಲ, ರೂಢಿ. ಪತ್ರದಲ್ಲಿ ಬರೆದಿದ್ದರೆ ಮಾತ್ರ ಅಡುಗೆಮನೆ ನಿಮ್ಮದು.

ಮನೆ ತಪ್ಪಿಹೋದೀತೆಂದು ಯಜಮಾನರು ಜೇಬಿನಿಂದ ಕವರು ತೆಗೆದರು. ಅರಿಶಿನ ಕುಂಕುಮ ಹಚ್ಚಿ ಬೆಂಗಳೂರಿನಿಂದಲೇ ತಂದ ಕವರು, ಒಳಗೆ 501 ಯೂರೋ, ಟೋಕನ್ ಅಡ್ವಾನ್ಸು. ಬ್ರೋಕರ್ ಹೆಂಗಸು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ನಮ್ಮಲ್ಲಿ ಮಾತಿಗೆ ಗಟ್ಟಿತನ ಬರುವುದೇ ಅಡ್ವಾನ್ಸಿನಿಂದ. ಅಲ್ಲಿ ನೋಟರಿ ಮುಂದೆ ಸಹಿ ಬೀಳುವವರೆಗೂ ಯಾವ ಮಾತೂ ಕಾನೂನಿಗೆ ಮಾತಲ್ಲ. ಆ ನೋಟರಿ ನಮ್ಮ ಕೋರ್ಟಿನ ಮುಂದೆ ಸೀಲು ಒತ್ತುವವರಂತಲ್ಲ. ಕ್ರಯಪತ್ರ ಪೂರ್ತಿಯಾಗಿ ಗಟ್ಟಿಯಾಗಿ ಓದಿ ಹೇಳಬೇಕು, ಜರ್ಮನ್ ಅರ್ಥವಾಗದವರಿಗೆ ಅನುವಾದ ಮಾಡಿ ಹೇಳುವ ವ್ಯವಸ್ಥೆಯಾಗಬೇಕು. ಮನೆ ಯಾರ ಹೆಸರಿನಲ್ಲಿದೆ, ಸಾಲವಿದೆಯೇ ಎಂಬುದೆಲ್ಲ ಗ್ರುಂಡ್‌ಬುಖ್ ಎಂಬ ಒಂದೇ ದಾಖಲೆಯಲ್ಲಿರುತ್ತದೆ, ಇ.ಸಿ. ಒಂದು ಕಡೆ, ಖಾತಾ ಒಂದು ಕಡೆ ಅಲೆಯಬೇಕಿಲ್ಲ. ಕೊಳ್ಳುವವರ ಹಕ್ಕನ್ನು ಅದರಲ್ಲಿ ಮೊದಲು ನಮೂದಿಸಿ, ನೋಟರಿ ಕಾಗದ ಕಳಿಸಿದ ಮೇಲೆಯೇ ದುಡ್ಡು. ಅದಕ್ಕೆ ಮೊದಲು ಯಾರಾದರೂ ಅಡ್ವಾನ್ಸು ಕೇಳಿದರೆ ಎದ್ದು ಬನ್ನಿ.

ಲೆಕ್ಕ ಇಷ್ಟು. ಆ ರಾಜ್ಯದಲ್ಲಿ ಕೊಳ್ಳುವ ತೆರಿಗೆ ಶೇ. 5. ನೋಟರಿಗೂ ದಾಖಲೆಗೂ ಸೇರಿ ಸುಮಾರು ಶೇ. 2. ಬ್ರೋಕರಿಗೆ ಕೊಳ್ಳುವವರ ಪಾಲು ಸಾಮಾನ್ಯವಾಗಿ ಶೇ. 3.57. 2020ರ ಡಿಸೆಂಬರಿನಿಂದ, ಸ್ವಂತಕ್ಕೆ ಫ್ಲಾಟ್ ಕೊಳ್ಳುವವರ ಮೇಲೆ ಮಾರುವವರು ಗೊತ್ತುಮಾಡಿದ ಬ್ರೋಕರಿನ ದುಡ್ಡನ್ನು ಪೂರ್ತಿ ಹೊರಿಸುವ ಹಾಗಿಲ್ಲ, ಕಡೇಪಕ್ಷ ಅರ್ಧ ಮಾರುವವರದ್ದು. ಇಲ್ಲಿಂದ ದುಡ್ಡು ಕಳಿಸುವುದಾದರೆ ಒಬ್ಬರಿಗೆ ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ. ಮನೆಗೆಂದು ಕಳಿಸುವಾಗ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕು ಶೇ. 20 ಟಿ.ಸಿ.ಎಸ್., ಅಂದರೆ ಕಳಿಸುವಾಗಲೇ ವಸೂಲು ಮಾಡುವ ತೆರಿಗೆ, ಹಿಡಿಯುತ್ತದೆ. ರಿಟರ್ನ್ ಹಾಕಿದಾಗ ಅದು ಲೆಕ್ಕಕ್ಕೆ ಬರುತ್ತದೆ, ಆದರೆ ಅಲ್ಲಿಯವರೆಗೆ ಅಷ್ಟು ದುಡ್ಡು ಸಿಕ್ಕಿಹಾಕಿಕೊಂಡಿರುತ್ತದೆ.

ಇವೆಲ್ಲ ಕೇಳಿದರೆ ಯಾರಾದರೂ ಹೇಳುತ್ತಾರೆ. ಯಾರೂ ಹೇಳದ್ದು ನನಗೆ ಒಂದು ಭಾನುವಾರ ತಿಳಿಯಿತು. ಜ್ಯೂಸಿನ ಖಾಲಿ ಗಾಜಿನ ಬಾಟಲಿಗಳನ್ನು ಬೀದಿ ಕೊನೆಯ ಡಬ್ಬಕ್ಕೆ ಹಾಕಲು ಹೋದೆ. ಮೊದಲ ಬಾಟಲಿ ಒಳಗೆ ಬಿದ್ದು ಒಡೆದ ಸದ್ದಿಗೆ ಎದುರುಮನೆ ಕಿಟಕಿ ತೆರೆಯಿತು. ಅಲ್ಲಿದ್ದವರು ಬೈಯಲಿಲ್ಲ, ಡಬ್ಬದ ಮೇಲಿನ ಚೀಟಿಯ ಕಡೆ ಬೆರಳು ತೋರಿಸಿದರು. ಭಾನುವಾರ ಗಾಜು ಹಾಕುವಂತಿಲ್ಲ. ಡ್ರಿಲ್ಲಿನಂಥ ಸದ್ದೂ ಮಾಡುವಂತಿಲ್ಲ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೂ ಹಾಗೆಯೇ. ಬೆಳಗಿನ ಜಾವ ಮಿಕ್ಸಿಯಲ್ಲಿ ಚಟ್ನಿ ತಿರುವುವ ಮನೆ ನಮ್ಮದು. ಹಾಗಾಗಿ ಮನೆ ನೋಡಲು ಬ್ರೋಕರ್ ಕೊಟ್ಟ ಹೊತ್ತು ಸಾಲದು, ಭಾನುವಾರ ಮಧ್ಯಾಹ್ನ ಒಮ್ಮೆ, ರಾತ್ರಿ ಹತ್ತರ ಮೇಲೆ ಒಮ್ಮೆ ಆ ಬೀದಿಯಲ್ಲಿ ನಿಂತು ಬನ್ನಿ.

ಇನ್ನೊಂದು, ಫ್ಲಾಟಿನ ಮಾಲೀಕರ ಸಭೆಯ ನಡಾವಳಿ. ಕಡೇಪಕ್ಷ ಮೂರು ವರ್ಷದ್ದು ಕೇಳಿ ತೆಗೆದುಕೊಳ್ಳಿ. ಮೇಂಟೆನೆನ್ಸ್ ಎಷ್ಟು, ರಿಪೇರಿಗೆ ಕೂಡಿಟ್ಟ ನಿಧಿ ಎಷ್ಟು, ಛಾವಣಿ ಕೆಲಸಕ್ಕೆ ಯಾವಾಗ ದುಡ್ಡು ಕೇಳುತ್ತಾರೆ, ಎಲ್ಲ ಅದರಲ್ಲಿದೆ. ನೆರೆಯವರ ಸ್ವಭಾವವೂ ಇದೆ. ನಾವು ನೋಡಿದ ಕಟ್ಟಡದ ನಡಾವಳಿಯಲ್ಲಿ ಬಾಗಿಲ ಹೊರಗೆ ಚಪ್ಪಲಿ ಬಿಡುವ ಬಗ್ಗೆಯೇ ಒಂದೂವರೆ ಪುಟ ಚರ್ಚೆ. ಮಗ ಓದಿ ಹೇಳುತ್ತಿದ್ದರೆ ನನಗೆ ನಮ್ಮ ಹೊಸಿಲು, ರಂಗೋಲಿ ಕಣ್ಣ ಮುಂದೆ ಬಂತು.

ಎರಡನೇ ಸಲ ಆ ಮನೆಗೆ ಹೋದಾಗ ಎದುರುಮನೆ ಬಾಗಿಲ ಹಿಡಿಗೆ ಅಂಗೈಯಗಲದ ಮರದ ಹಲಗೆಯೊಂದು ನೇತಾಡುತ್ತಿತ್ತು. ಅದರ ಮೇಲೆ "ಕೇರ್‌ವೊಖೆ" ಎಂದು ಬರೆದಿತ್ತು, ಗುಡಿಸುವ ವಾರ. ಆ ಸೀಮೆಯಲ್ಲಿ ನೂರಾರು ವರ್ಷದ ಪದ್ಧತಿಯಂತೆ. ಹಲಗೆ ಯಾರ ಬಾಗಿಲಿಗೆ ಬರುತ್ತದೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವುದು ಅವರ ಪಾಳಿ. ಎಪ್ಪತ್ತು ದಾಟಿದ ಅಜ್ಜಿ ಬಗ್ಗಿ ಒರೆಸುತ್ತಿದ್ದರು, ಮೂಲೆಯ ಧೂಳನ್ನು ಬೆರಳಿಗೆ ಬಟ್ಟೆ ಸುತ್ತಿ ತೆಗೆಯುತ್ತಿದ್ದರು. ಬಾಗಿಲ ಮುಂದೆ ದಿನಾ ಬಿಳಿ ಪುಡಿಯಲ್ಲಿ ಒಂದು ಚಿತ್ರ ಬರೆಯಬಹುದೇ ಎಂದು ಮಗನಿಂದ ಕೇಳಿಸಿದೆ. ಮೊಬೈಲಿನಲ್ಲಿ ನಮ್ಮ ಮನೆ ಮುಂದಿನ ರಂಗೋಲಿ ತೋರಿಸಿದೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ತುಂಬಾ ಹೊತ್ತು ನೋಡಿದರು. "ಚೆನ್ನಾಗಿದೆ. ನನ್ನ ವಾರದಲ್ಲಿ ಅದನ್ನು ಒರೆಸುವವರು ಯಾರು?" ಅಂದರು. ನನ್ನ ಮಗ, ಎಂದೆ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ ಬಕೆಟ್ಟು ಎತ್ತಿಕೊಂಡು ಇನ್ನೊಂದು ಮೆಟ್ಟಿಲು ಇಳಿದರು. ನನಗೆ ಆ ಮನೆ ಇನ್ನೂ ಹಿಡಿಸಿತು.

ಬಿಡುವಿದ್ದರೆ ಟ್ಯೂಬಿಂಗೆನ್‌ಗೆ ಹೋಗಿ ಬನ್ನಿ, ರೈಲಿನಲ್ಲಿ ಸುಮಾರು ಒಂದು ಗಂಟೆ. ನಮಗೆ 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ.

ಮನೆಯ ವ್ಯವಹಾರ ಇನ್ನೂ ಮುಗಿದಿಲ್ಲ. ಮುಖ್ಯ ಬಾಗಿಲು ಪೂರ್ವಕ್ಕಿಲ್ಲ ಎಂಬುದು ಯಜಮಾನರ ತಕರಾರು. ಅಲ್ಲಿಯವರು ಬಾಗಿಲಿನ ದಿಕ್ಕು ಕೇಳುವುದಿಲ್ಲ, ಬಾಲ್ಕನಿ ದಕ್ಷಿಣಕ್ಕಿದೆಯೇ ಎಂದು ಕೇಳುತ್ತಾರೆ, ಚಳಿಗಾಲದಲ್ಲಿ ಬಿಸಿಲು ಬರುವುದು ಅಲ್ಲಿಂದಲೇ. ನಾವು ನೋಡಿದ್ದು ಅಕ್ಟೋಬರಿನ ಬೆಳಕು. ಜನವರಿಯಲ್ಲಿ ಒಂದು ಬಿಸಿಲಿನ ದಿನ ನೋಡಿ, ಮಧ್ಯಾಹ್ನ ಹನ್ನೆರಡಕ್ಕೆ ಆ ಬಾಲ್ಕನಿಯ ಕೆಳಗೆ ನಿಂತು ಫೋಟೊ ಕಳಿಸು ಎಂದು ಮಗನಿಗೆ ಹೇಳಿ ಬಂದಿದ್ದೇನೆ.