ಲಾಲಿಬೆಲಾದ ಬಂಡೆಗುಡಿಗಳಲ್ಲಿ ಗೆನ್ನಾ ರಾತ್ರಿ

ಇಥಿಯೋಪಿಯಾದ ಉತ್ತರದ ಅಮ್ಹಾರಾ ಪ್ರಾಂತ್ಯದಲ್ಲಿ, ಸಮುದ್ರಮಟ್ಟದಿಂದ ಸುಮಾರು 2,500 ಮೀಟರ್ ಎತ್ತರದಲ್ಲಿರುವ ಲಾಲಿಬೆಲಾಗೆ ಹೋಗುವುದಿದ್ದರೆ ಗೆನ್ನಾ ಹಬ್ಬಕ್ಕೇ ಹೋಗಬೇಕೆಂದು ನಾನು ಬಹುಕಾಲದಿಂದ ಅಂದುಕೊಂಡಿದ್ದೆ. ಜನವರಿ 7ರಂದು ಬರುವ ಗೆನ್ನಾ ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರ ಕ್ರಿಸ್ಮಸ್. ಊರಿಗೆ ಹೆಸರು ಕೊಟ್ಟ ದೊರೆ ಲಾಲಿಬೆಲಾ ಹುಟ್ಟಿದ ದಿನವೂ ಅದೇ ಎಂಬುದು ಊರವರ ನಂಬಿಕೆ. 2021ರ ಯುದ್ಧದಲ್ಲಿ ಊರು ನೆರೆಯ ಟಿಗ್ರಾಯ್ ಪ್ರಾಂತ್ಯದ ಪಡೆಗಳ ವಶವಾಗಿತ್ತು. ಆ ಬಳಿಕ ವಿದೇಶಿ ಪ್ರವಾಸಿಗರು ವಿರಳವಾಗಿದ್ದಾರೆ. ಯಾತ್ರಿಕರು ಮಾತ್ರ ಬಿಳಿಯ ನೆತೆಲಾ ಹೊದ್ದು, ಹಲವರು ಬರಿಗಾಲಿನಲ್ಲಿ, ಗುಡ್ಡದ ದಾರಿಗಳಲ್ಲಿ ಗುಂಪುಗುಂಪಾಗಿ ಇಳಿದು ಬರುತ್ತಿದ್ದರು. ಮಾಂಸ, ಹಾಲು, ಮೊಟ್ಟೆ ಬಿಟ್ಟು 40ಕ್ಕೂ ಹೆಚ್ಚು ದಿನ ಉಪವಾಸ ಮಾಡಿದವರ ಮುಖದಲ್ಲಿ ದಣಿವಿಗಿಂತ ಹಬ್ಬದ ಅವಸರವೇ ಹೆಚ್ಚಾಗಿ ಕಾಣುತ್ತಿತ್ತು.

ಇಲ್ಲಿನ 11 ಗುಡಿಗಳನ್ನು ಕಟ್ಟಿದ್ದಲ್ಲ, ಕಡೆದದ್ದು. ಮೊದಲು ಬಂಡೆಯ ಸುತ್ತ ಆಳವಾದ ಕಂದಕ ತೋಡಿ, ನಡುವೆ ಉಳಿದ ಹೆಬ್ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡೆಯುತ್ತ ಕಿಟಕಿ, ಕಂಬ, ಕಮಾನುಗಳನ್ನು ಬಿಡಿಸಿದ್ದಾರೆ. ನಮ್ಮ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಎಲ್ಲೋರದ ಕೈಲಾಸವನ್ನು ನೋಡಿದವರಿಗೆ ಈ ಕ್ರಮ ಹೊಸದಲ್ಲ. ಎರಡಕ್ಕೂ ಯಾವ ನಂಟೂ ಇಲ್ಲದಿದ್ದರೂ ಕಂದಕದ ಅಂಚಿನಲ್ಲಿ ನಿಂತು ಕೆಳಗಿನ ಶಿಖರವನ್ನು ನೋಡುವಾಗ ಕಾಲು ನಡುಗುವ ರೀತಿ ಒಂದೇ. 1978ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೆಲವು ಗುಡಿಗಳ ಮೇಲೆ ಮಳೆಯಿಂದ ಕಾಪಾಡಲು ನಿಲ್ಲಿಸಿರುವ ಭಾರಿ ಲೋಹದ ಚಪ್ಪರಗಳು ನನ್ನ ಕಣ್ಣಿಗಂತೂ ಹಿತವಾಗಿರಲಿಲ್ಲ. ಶಿಲುಬೆಯಾಕಾರದ ಬೆತೆ ಗಿಯೊರ್ಗಿಸ್ ಗುಡಿಗೆ ಆ ಭಾಗ್ಯ ಬಂದಿಲ್ಲ.

ಗೆನ್ನಾದ ಹಿಂದಿನ ರಾತ್ರಿ ಬೆತೆ ಮರಿಯಮ್ ಗುಡಿಯೊಳಕ್ಕೆ ಹೋದೆ. ಪಾದರಕ್ಷೆಗಳನ್ನು ಹೊರಗೆ ಬಿಡುವುದು ನಮಗೆ ರೂಢಿಯ ಮಾತು. ಆದರೆ ಒಳಗಿನ ಹಳೆಯ ಜಮಖಾನಗಳಲ್ಲಿ ಚಿಗಟಗಳಿರುತ್ತವೆಂದು ಹೋಗಿಬಂದವರು ಎಚ್ಚರಿಸಿದ್ದರಿಂದ ದಪ್ಪ ಕಾಲುಚೀಲ ಹಾಕಿಕೊಂಡಿದ್ದೆ. ಇಥಿಯೋಪಿಯಾದ ಗುಡಿಗಳಲ್ಲಿ ಮೂರು ಭಾಗಗಳಿರುತ್ತವೆ. ಒಳಗಿನದು ತಾಬೊತ್ ಎಂಬ ಪವಿತ್ರ ಹಲಗೆ ಇರುವ ಮಖ್ದಸ್, ಅಂದರೆ ಗರ್ಭಗುಡಿ, ಅಲ್ಲಿಗೆ ಪುರೋಹಿತರಿಗೆ ಮಾತ್ರ ಪ್ರವೇಶ, ನಡುವಿನದು ಪ್ರಸಾದ ಸ್ವೀಕರಿಸುವವರದು, ಹೊರಗಿನದು ಹಾಡುಗಾರರದು. ದೇವಾಲಯದ ವಿನ್ಯಾಸದಲ್ಲೇ ಹಾಡಿಗೊಂದು ಅಂಗಳವನ್ನು ಮೀಸಲಿಟ್ಟದ್ದು ನನಗೆ ಮುಖ್ಯವೆನಿಸಿತು. ಇಲ್ಲಿ ಹಾಡು ಪೂಜೆಗೆ ತೊಡಿಸಿದ ಅಲಂಕಾರವಲ್ಲ, ಪೂಜೆಯ ಅರ್ಧಭಾಗವೇ ಹೌದು.

ಹಾಡುವವರು ದೆಬ್ತೆರಾಗಳು. ಇವರು ದೀಕ್ಷೆ ಪಡೆದ ಪುರೋಹಿತರಲ್ಲ. ಹಲವು ವರ್ಷ ಗುರುಗಳ ಬಳಿ ಇದ್ದು ಪಠಣ, ಕಾವ್ಯ, ಕುಣಿತ ಕಲಿತ ವಿದ್ವಾಂಸರು. ಹಾಡಿನ ಭಾಷೆ ಗೀಜ್. ಆಡುನುಡಿಯಾಗಿ ಅದು ಮರೆಯಾಗಿ ಶತಮಾನಗಳೇ ಕಳೆದಿವೆ, ಬದುಕಿರುವುದು ಈ ಕಂಠಗಳಲ್ಲಿ. ಆರಂಭದಲ್ಲಿ ಬರಿಯ ಧ್ವನಿ: ಎರಡು ಸಾಲುಗಳಲ್ಲಿ ಎದುರುಬದುರು ನಿಂತವರು ಒಂದೊಂದು ಅಕ್ಷರವನ್ನೂ ಎಳೆದೆಳೆದು ಹಾಡುತ್ತಾರೆ, ಎಷ್ಟು ನಿಧಾನವೆಂದರೆ ಒಂದು ಸಾಲು ಮುಗಿಯುವಷ್ಟರಲ್ಲಿ ಅದರ ಮೊದಲು ಮರೆತುಹೋಗುತ್ತದೆ. ಆಮೇಲೆ ಕೈಯಲ್ಲಿನ ಉದ್ದನೆಯ ಮೆಖ್ವಾಮಿಯಾ ಕೋಲುಗಳು ಒಟ್ಟಿಗೆ ಓಲಾಡತೊಡಗುತ್ತವೆ. ಗಂಟೆಗಟ್ಟಲೆ ನಿಲ್ಲಬೇಕಾದ ಈ ಸೇವೆಯಲ್ಲಿ ಅದೇ ಕೋಲಿನ ಅಡ್ಡಹಿಡಿಯ ಮೇಲೆ ಮೈಭಾರ ಹಾಕಿ ದಣಿವಾರಿಸಿಕೊಳ್ಳುವುದೂ ಉಂಟು. ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರು ಕಣ್ಣು ಮುಚ್ಚಿ, ಹಿಡಿಯ ಮೇಲೆ ಗಲ್ಲವಿಟ್ಟು ಒರಗಿದ್ದರು. ನಿದ್ದೆಹೋದರೆಂದುಕೊಳ್ಳುವಷ್ಟರಲ್ಲಿ ತಮ್ಮ ಸಾಲಿನ ಸರದಿಗೆ ಸರಿಯಾಗಿ ಬಾಯಿ ತೆರೆದರು. ಬಳಿಕ ತ್ಸೆನಾತ್ಸಿಲ್ ಬಂತು. ಅಡ್ಡತಂತಿಗಳಲ್ಲಿ ಪೋಣಿಸಿದ ಲೋಹದ ಬಿಲ್ಲೆಗಳು ಮಣಿಕಟ್ಟಿನ ಒಂದು ಸಣ್ಣ ಕುಲುಕಿಗೆ ಜಾರಿ ಝಲ್ಲೆನ್ನುವ ವಾದ್ಯವದು. ಕೊನೆಗೆ ಕೆಬೆರೊವನ್ನು ಡೊಳ್ಳಿನಂತೆ ಕೊರಳಿಗೆ ಹಾಕಿಕೊಂಡವರು ಸಾಲುಗಳ ನಡುವೆ ಬಾಗಿ, ತಿರುಗಿ ಬಾರಿಸತೊಡಗಿದರು. ಲಯ ಏರಿತು, ಚಪ್ಪಾಳೆ ಸೇರಿತು, ಹಿಂದಿನಿಂದ ಹೆಂಗಸರ ಉಲಿಯ ಅಲೆ ಎದ್ದಿತು.

ಈ ಗಾಯನಕ್ಕೆಲ್ಲ ಮೂಲಪುರುಷನೆಂದು ಪರಂಪರೆ ಹೇಳುವುದು ಆರನೆಯ ಶತಮಾನದ ಅಕ್ಸುಮಿನ ಸಂತ ಯಾರೆದ್‌ನನ್ನು. ಒಮ್ಮೆ ಅವನು ಹಾಡುತ್ತಿದ್ದಾಗ ಮೈಮರೆತ ದೊರೆ ಗೆಬ್ರೆ ಮೆಸ್ಕೆಲನ ಭರ್ಜಿ ಯಾರೆದ್‌ನ ಪಾದಕ್ಕೆ ನಾಟಿತಂತೆ. ಹಾಡಿದವನಿಗೂ ಅರಿವಿಲ್ಲ, ಕೇಳಿದವನಿಗೂ ಅರಿವಿಲ್ಲ. ಗೀಜ್ (ಭಾಷೆಯ ಹೆಸರೇ ಇದಕ್ಕೂ), ಎಜಲ್, ಅರಾರಾಯ್ ಎಂಬ ಮೂರು ಗಾನಕ್ರಮಗಳೂ ಅವನವೇ ಎನ್ನುತ್ತಾರೆ. ಚರ್ಮದ ಹಾಳೆಗಳ ಹಸ್ತಪ್ರತಿಗಳಲ್ಲಿ ಸಾಲುಗಳ ಮೇಲೆ ಕಾಣುವ ಪುಟ್ಟ ಅಕ್ಷರಗುರುತುಗಳು ಮಾತ್ರ 16ನೆಯ ಶತಮಾನದಲ್ಲಿ ರೂಢಿಗೆ ಬಂದವು. ನಮ್ಮ ವೇದಪುಸ್ತಕಗಳ ಸ್ವರಗೆರೆಗಳ ಹಾಗೆ ಇವೂ ಗುರುವಿನ ಬಾಯಿಂದ ಕಲಿತವನಿಗೆ ನೆನಪು ಮಾಡಿಕೊಡುತ್ತವೆಯೇ ಹೊರತು ಕಲಿಯದವನಿಗೆ ಹಾಡಿಕೊಡುವುದಿಲ್ಲ. ಯಾರೆದ್‌ನ ಐತಿಹ್ಯದ ಪವಾಡಗಳಿಗಿಂತ ಈ ಬಾಯಿಪಾಠದ ಕಟ್ಟುನಿಟ್ಟೇ ನನಗೆ ಹೆಚ್ಚು ಅಚ್ಚರಿಯೆನಿಸಿತು.

ಬೆಳಕಾದ ಮೇಲೆ ನಡೆದದ್ದು ಬೆಜಾ ಕುಲ್ಲು. ಬೆತೆ ಮರಿಯಮ್ ಗುಡಿಯ ಸುತ್ತಲಿನ ಬಂಡೆಗೋಡೆಯ ನೆತ್ತಿಯಲ್ಲಿ ಬಿಳಿ ಮುಂಡಾಸಿನ ಹಾಡುಗಾರರು ಉದ್ದಕ್ಕೆ ಸಾಲುಗಟ್ಟಿ ನಿಂತರು. ಕೆಳಗೆ ಅಂಗಳದಲ್ಲಿ ಇನ್ನೊಂದು ತಂಡ. ಮೇಲಿನವರು ದೇವದೂತರ ಸ್ಥಾನದಲ್ಲಿ, ಕೆಳಗಿನವರು ಭೂಮಿಯ ಜನರ ಸ್ಥಾನದಲ್ಲಿ ನಿಂತು, ಲೋಕದ ವಿಮೋಚಕ ಹುಟ್ಟಿದನೆಂದು ಪರಸ್ಪರ ಹಾಡಿ ತಿಳಿಸುತ್ತಾರೆ. ಮೇಲಿನ ಸಾಲು ಮೊಣಕಾಲು ಬಗ್ಗಿಸಿ ಒಮ್ಮೆಲೇ ಮೇಲೆದ್ದಾಗ ಇಡೀ ಗೋಡೆಯೇ ಉಸಿರಾಡಿದಂತೆ ಕಂಡಿತು. ಪ್ರವಾಸೋದ್ಯಮದ ಚಿತ್ರಗಳಲ್ಲಿ ಖಾಲಿಯಾಗಿ ಕಾಣುವ ಕಂದಕ ಯಾತಕ್ಕಾಗಿ ಅಷ್ಟು ಅಗಲವಾಗಿದೆಯೆಂದು ಅರ್ಥವಾಗಲು, ಅದು ಜನರಿಂದಲೂ ದನಿಯಿಂದಲೂ ತುಂಬಿರುವುದನ್ನು ನೋಡಬೇಕು.

ಆಮೇಲೆ ಉಪವಾಸ ಮುರಿಯುವ ಸಂಭ್ರಮ. ಮನೆಮನೆಯಲ್ಲಿ ದೋಸೆಯಂಥ ಇಂಜೆರಾದ ಮೇಲೆ ದೊರೊ ವೊತ್ ಎಂಬ ಖಾರದ ಕೋಳಿಸಾರು. ಯಾತ್ರಿಕರಲ್ಲಿ ಬಹುಪಾಲು ಜನ ಮಧ್ಯಾಹ್ನದ ವೇಳೆಗೆ ಊರು ಬಿಡತೊಡಗಿದರು. ದೆಬ್ತೆರಾಗಳಿಗೆ ಮಾತ್ರ ಬಿಡುವಿರಲಿಲ್ಲ. ತಾಬೊತ್‌ಗಳನ್ನು ಬಟ್ಟೆಯಲ್ಲಿ ಸುತ್ತಿ, ತಲೆಯ ಮೇಲೆ ಹೊತ್ತು ನೀರಿನ ಬಳಿಗೆ ಮೆರವಣಿಗೆ ಹೋಗುವ, ಕ್ರಿಸ್ತನ ದೀಕ್ಷಾಸ್ನಾನವನ್ನು ನೆನೆಯುವ ತಿಮ್ಕತ್ ಹಬ್ಬ ಜನವರಿ 19ಕ್ಕೇ ಇರುತ್ತದೆ, ಅದರ ಹಾಡುಗಳೇ ಬೇರೆ.