ಬಾನೆಟ್ ಬಣ್ಣ ನೋಡಿ ಗೇರ್‌ಬಾಕ್ಸ್ ಆಯಿಲ್ ಹಾಕಬೇಡಿ

"ವೀಲ್ ಹಾರ್ಸ್ ಟ್ರಾಕ್ಟರ್‌ಗೆ ಯಾವ ಆಯಿಲ್ ಹಾಕಬೇಕು?" ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. "ಈ ಟ್ರಾಕ್ಟರ್ ಒಳಗೆ ಯಾವ ಗೇರ್‌ಬಾಕ್ಸ್ ಕೂತಿದೆ?" ಅಂತ ಕೇಳಿದರೆ ಇದೆ. ಈ ಕೆಲಸಕ್ಕೆ ಸೇರಿದ ಮೇಲೆ ನಾನು ಕಲಿತದ್ದರಲ್ಲಿ ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಅಮೆರಿಕದ ಒಹಾಯೋದಲ್ಲಿ ಸಣ್ಣ ಟ್ರಾಕ್ಟರ್ ರಿಪೇರಿ ಮಾಡುವ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡುತ್ತೇನೆ. ಗಾರ್ಡನ್ ಟ್ರಾಕ್ಟರ್ ಅಂದರೆ ಊರಿನವರಿಗೆ ಕೂಡಲೇ ಗೊತ್ತಾಗಲಿಕ್ಕಿಲ್ಲ. ಹೊಲ ಉಳುವ ಟ್ರಾಕ್ಟರ್‌ಗಿಂತ ಚಿಕ್ಕದು, ಬರೀ ಹುಲ್ಲು ಕತ್ತರಿಸುವ ಮೆಷಿನ್‌ಗಿಂತ ಗಟ್ಟಿ. ಹತ್ತು-ಇಪ್ಪತ್ತು ಎಚ್‌ಪಿ. ಬೇಸಿಗೆಯಲ್ಲಿ ಹುಲ್ಲು, ಚಳಿಗಾಲದಲ್ಲಿ ಹಿಮ ತಳ್ಳುವುದು, ನಡುವೆ ತರಕಾರಿ ತೋಟ ಉಳುವುದು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1960ರ ದಶಕದ ಶುರುವಿನಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಕಬ್ ಕ್ಯಾಡೆಟ್ ಮಾಡಲು ಹೊರಟಿತು. ಜಾನ್ ಡಿಯರ್ 1963ರಲ್ಲಿ 110 ಮಾಡೆಲ್ ತಂದಿತು. ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ವೀಲ್ ಹಾರ್ಸ್ ತಯಾರಾಗುತ್ತಿತ್ತು. ಇವುಗಳ ಹಿಂಭಾಗ ಪೂರ್ತಿ ಎರಕದ ಕಬ್ಬಿಣ. ಅದಕ್ಕೇ ಇವತ್ತಿಗೂ ಓಡುತ್ತಿವೆ. ಇಲ್ಲಿ ಒಂದೆರಡು ಎಕರೆ ಜಾಗದ ಮನೆ ತಗೊಂಡ ನಮ್ಮ ಕನ್ನಡದವರೂ ಕೆಲವರು ಇಂಥದ್ದನ್ನು ಕಡಿಮೆ ದುಡ್ಡಿಗೆ ತರುತ್ತಾರೆ.

ಇವುಗಳ ಎಂಜಿನ್ ಹಾಳಾದರೆ ಅಷ್ಟೇನೂ ಚಿಂತೆ ಇಲ್ಲ. ಹಳೆ ಕೋಹ್ಲರ್ ಎಂಜಿನ್‌ಗೆ ಪಿಸ್ಟನ್, ರಿಂಗ್, ಗ್ಯಾಸ್ಕೆಟ್ ಈಗಲೂ ಸಿಗುತ್ತವೆ. ಆದರೆ ಹೈಡ್ರೋ, ಅಂದರೆ ಗೇರ್ ಬದಲು ಆಯಿಲ್ ಒತ್ತಡದಿಂದಲೇ ಚಕ್ರ ತಿರುಗಿಸುವ ಥರದ್ದು, ಅದರ ಪಂಪ್ ಹೋಯಿತು ಅಂದರೆ ಇನ್ನೊಂದು ಸತ್ತ ಟ್ರಾಕ್ಟರ್ ಹುಡುಕಿ ಬಿಚ್ಚಿ ತರಬೇಕಾಗುತ್ತದೆ. ಒಂದು ಡಬ್ಬ ಆಯಿಲ್ ವಿಷಯಕ್ಕೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ಮೊನ್ನೆ ಕನ್ನಡದ ಹುಡುಗನೊಬ್ಬ ಫೋನ್ ಮಾಡಿದ್ದ.

"ಅಣ್ಣ, ವೀಲ್ ಹಾರ್ಸ್ ತಗೊಂಡೆ. ಅಂಗಡೀಲಿದೀನಿ. ಯಾವ ಆಯಿಲ್ ತಗೊಳ್ಲಿ?"

"ಏನೂ ತಗೋಬೇಡ, ಮನೆಗೆ ಹೋಗು. ಗೇರ್ ನಂಬರ್ ಬರೆದಿರೋ ಲಿವರ್ ಇದ್ಯಾ, ಇಲ್ಲ ಹಿಂದೆ ಮುಂದೆ ತಳ್ಳೋ ಒಂದೇ ಲಿವರ್ ಇದ್ಯಾ, ನೋಡು. ಒಂದೇ ಲಿವರ್ ಇದ್ರೆ ಕೆಳಗೆ ಬಗ್ಗಿ ಪಂಪ್ ಮೇಲೆ ಏನು ಹೆಸರಿದೆ ಓದು. ಫೋಟೋ ಕಳಿಸು."

ಅವನಿಗೆ ಸ್ವಲ್ಪ ಬೇಜಾರಾಯಿತು ಅನ್ನಿಸುತ್ತದೆ. ಆದರೆ ಬೇರೆ ದಾರಿ ಇಲ್ಲ. ವೀಲ್ ಹಾರ್ಸ್‌ನಲ್ಲಿ ಗೇರ್ ಇದ್ದರೆ 90 ನಂಬರ್ ಗೇರ್ ಆಯಿಲ್ ಬೇಕು. ಅದೇ ಕಂಪನಿಯ, 60ರ ದಶಕದ ಕೊನೆಯ ಹೈಡ್ರೋ ಮಾಡೆಲ್‌ನಲ್ಲಿ ಸಂಡ್‌ಸ್ಟ್ರಾಂಡ್ ಪಂಪ್ ಇದ್ದರೆ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಕಾರಿನ ಕೆಂಪು ಆಯಿಲ್. ಆಮೇಲೆ ಬಂದ ಈಟನ್ ಹೈಡ್ರೋಗಳಿಗೆ ಮಾಮೂಲಿ ಎಂಜಿನ್ ಆಯಿಲ್. ಹೆಸರು ಒಂದೇ, ಬಾನೆಟ್ ಕೆಂಪು ಒಂದೇ, ಆಯಿಲ್ ಮಾತ್ರ ಮೂರು ಥರ. ಸಂಜೆ ಅವನ ಫೋಟೋ ಬಂತು. ತುಕ್ಕು ಉಜ್ಜಿದ ಮೇಲೆ 'ಈಟನ್' ಅನ್ನೋ ಅಕ್ಷರ ಕಂಡಿತು. ಅಂಗಡಿಯಲ್ಲಿ ಅವನು ಆಗಲೇ ಕೈಗೆತ್ತಿಕೊಂಡಿದ್ದು 90 ನಂಬರ್ ಡಬ್ಬ ಅಂತೆ.

ಮೂರಕ್ಕೂ ಒಂದೇ ಆಯಿಲ್ ಯಾಕೆ ಆಗಲ್ಲ? ಕೆಲಸ ಬೇರೆ ಬೇರೆ. ಗೇರ್‌ಬಾಕ್ಸ್‌ನಲ್ಲಿ ಹಲ್ಲಿಗೆ ಹಲ್ಲು ಒತ್ತಿ ಜಾರುತ್ತದೆ. ಅಲ್ಲಿ ಆಯಿಲ್ ಅಂಟಿಕೊಂಡು ನಿಲ್ಲಬೇಕು, ಹಲ್ಲುಗಳ ನಡುವೆ ಪೊರೆ ಹರಿಯಬಾರದು. ಹೈಡ್ರೋದಲ್ಲಿ ಚಕ್ರವನ್ನು ತಿರುಗಿಸುವುದೇ ಆಯಿಲ್. ಎಂಜಿನ್ ಪಂಪ್ ತಿರುಗಿಸುತ್ತದೆ, ಪಂಪಿನ ಸಣ್ಣ ಪಿಸ್ಟನ್‌ಗಳು ಆಯಿಲ್ ತಳ್ಳುತ್ತವೆ, ಆ ಒತ್ತಡಕ್ಕೆ ಆಚೆ ಕಡೆಯ ಮೋಟರ್ ಸುತ್ತುತ್ತದೆ. ಲಿವರ್ ತಳ್ಳಿದಾಗ ಪಂಪಿನೊಳಗಿನ ಓರೆ ತಟ್ಟೆಯ ಕೋನ ಬದಲಾಗುತ್ತದೆ, ಅಷ್ಟೇ. ಪಿಸ್ಟನ್ ಮತ್ತು ಅದರ ತೂತಿನ ನಡುವೆ ಇರುವ ಸಂದು ತೀರಾ ಸಣ್ಣದು. ಆಯಿಲ್ ತೆಳುವಾದರೆ ಆ ಸಂದಿನಲ್ಲಿ ಸೋರಿಹೋಗುತ್ತದೆ, ಬಿಸಿಯಾದ ಮೇಲೆ ಏರು ಹತ್ತುವಾಗ ಟ್ರಾಕ್ಟರ್ ನಿಂತೇಬಿಡುತ್ತದೆ. ದಪ್ಪವಾದರೆ ಮೈನಸ್ 15 ಡಿಗ್ರಿ ಚಳಿಯಲ್ಲಿ ಪಂಪಿಗೆ ಆಯಿಲ್ ಎಳೆಯಲು ಆಗುವುದಿಲ್ಲ. ಆಗ ಕುಯ್ ಅಂತ ಒಂದು ಶಬ್ದ ಬರುತ್ತದೆ. ಪಂಪ್ ಆಯಿಲ್ ಸಿಗದೆ ಒದ್ದಾಡುವ ಶಬ್ದ ಅದು. ಸವೆದ ಹೈಡ್ರೋಗೆ ದಪ್ಪ ಆಯಿಲ್ ಹಾಕಿ ಮಾರುವವರು ಇದ್ದಾರೆ. ಬೇಸಿಗೆಯಲ್ಲಿ ತಗೊಂಡವರಿಗೆ ಚೆನ್ನಾಗೇ ಓಡುತ್ತದೆ, ಗೊತ್ತಾಗುವುದು ಹಿಮ ಬಿದ್ದ ಮೇಲೆ.

ನಂಬರ್ ವಿಷಯದಲ್ಲೂ ಜನ ಮೋಸ ಹೋಗುತ್ತಾರೆ. 90 ನಂಬರ್ ಗೇರ್ ಆಯಿಲ್ 50 ನಂಬರ್ ಎಂಜಿನ್ ಆಯಿಲ್‌ಗಿಂತ ಹೆಚ್ಚುಕಡಿಮೆ ಎರಡರಷ್ಟು ದಪ್ಪ ಅಂದುಕೊಳ್ಳುತ್ತಾರೆ. ಹಾಗಲ್ಲ. ಎರಡರ ಅಳತೆಗೋಲೇ ಬೇರೆ. 100 ಡಿಗ್ರಿ ಬಿಸಿಯಲ್ಲಿ ಅಳೆದರೆ 90 ನಂಬರ್ ಗೇರ್ ಆಯಿಲ್ ಸುಮಾರು 40-50 ನಂಬರ್ ಎಂಜಿನ್ ಆಯಿಲ್ ಎಷ್ಟು ದಪ್ಪವೋ ಅಷ್ಟೇ ಇರುತ್ತದೆ. ಎಟಿಎಫ್ ಅದರ ಅರ್ಧದಷ್ಟು. ದಪ್ಪ ಒಂದೇ ಆದರೂ ಒಳಗೆ ಬೆರೆಸಿದ ರಾಸಾಯನಿಕ ಬೇರೆ, ಹಾಗಾಗಿ ಒಂದರ ಜಾಗಕ್ಕೆ ಇನ್ನೊಂದು ಹಾಕುವ ಹಾಗಿಲ್ಲ. ಗೇರ್ ಆಯಿಲ್‌ನಲ್ಲಿ ಗಂಧಕ, ರಂಜಕ ಇರುವ ಸಂಯುಕ್ತಗಳಿರುತ್ತವೆ. ಜಿಎಲ್-5 ದರ್ಜೆಯಲ್ಲಿ ಅವು ಜಿಎಲ್-4ಕ್ಕಿಂತ ಜಾಸ್ತಿ. ಕಬ್ಬಿಣದ ಹಲ್ಲಿಗೆ ಒಳ್ಳೆಯದೇ. ಆದರೆ ಒಳಗೆ ಕಂಚಿನ ಬುಷ್ ಅಥವಾ ಕಂಚಿನ ವರ್ಮ್ ಗೇರ್ ಇದ್ದರೆ ಕಾಲ ಕಳೆದ ಹಾಗೆ ಅದನ್ನು ತಿನ್ನಬಹುದು. ಅಂಥ ಕಡೆ ಮ್ಯಾನ್ಯುಯಲ್ ನೋಡದೆ ಜಿಎಲ್-5 ಹಾಕಬೇಡಿ.

ನನಗೆ ಹೆಚ್ಚು ಇಷ್ಟವಾದ ಆಯಿಲ್ ಕಬ್ ಕ್ಯಾಡೆಟ್‌ನದು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ತನ್ನ ಟ್ರಾಕ್ಟರ್‌ಗಳಿಗೆ ಅಂತಲೇ 'ಹೈ-ಟ್ರಾನ್' ಅನ್ನುವ ಆಯಿಲ್ ತಂದಿತು. ಅದರ ಗುಣ ಏನಂದರೆ, ಒಳಗೆ ಸ್ವಲ್ಪ ನೀರು ಸೇರಿದರೆ ಅದನ್ನು ತಳಕ್ಕೆ ಬಿಡದೆ ತನ್ನಲ್ಲೇ ಹಿಡಿದುಕೊಳ್ಳುತ್ತದೆ. ಹಿಮದ ನಾಡಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಬೆಚ್ಚಗಿನ ಗೇರ್‌ಬಾಕ್ಸ್ ರಾತ್ರಿ ತಣ್ಣಗಾದಾಗ ಒಳಗೆ ಗಾಳಿಯ ತೇವ ಹನಿಯಾಗುತ್ತದೆ. ಆ ನೀರು ತಳದಲ್ಲಿ ನಿಂತರೆ ಬೇರಿಂಗ್‌ಗೆ ತುಕ್ಕು. ಹೆಪ್ಪುಗಟ್ಟಿದರೆ ಗೇರೇ ಸಿಕ್ಕಿಹಾಕಿಕೊಳ್ಳುತ್ತದೆ. ಬೆಲೆ ಜಾಸ್ತಿ ಅಂತ ಗಿರಾಕಿಗಳು ಗೊಣಗುತ್ತಾರೆ. ನಾನು ಮಾತ್ರ ಕಬ್ ಕ್ಯಾಡೆಟ್ ಹೈಡ್ರೋಗೆ ಬೇರೆ ಆಯಿಲ್ ಹಾಕುವುದಿಲ್ಲ. ಡ್ರೈನ್ ಪ್ಲಗ್ ಬಿಚ್ಚಿದಾಗ ಕೆಂಪಾಗಿ ಸುರಿದರೆ ಹಿಂದಿನ ಮಾಲೀಕರು ಎಟಿಎಫ್ ಹಾಕಿದ್ದಾರೆ ಅಂತ ಅರ್ಥ. ಹೈ-ಟ್ರಾನ್ ಜೇನಿನ ಬಣ್ಣ.

ಇಲ್ಲಿ ಅಳತೆಯಲ್ಲೂ ಒಂದು ಎಚ್ಚರಿಕೆ ಬೇಕು. ಗೇರ್ ಇರುವ ಕಬ್ ಕ್ಯಾಡೆಟ್‌ಗೆ 7 ಪೈಂಟ್, ಸುಮಾರು 3.3 ಲೀಟರ್. ಹೈಡ್ರೋ ಇರುವುದಕ್ಕೆ 7 ಕ್ವಾರ್ಟ್, ಸುಮಾರು 6.6 ಲೀಟರ್. "ಏಳು ಹಾಕು" ಅಂತ ಯಾರಾದರೂ ಬಾಯಲ್ಲಿ ಹೇಳಿದ್ದನ್ನು ಕೇಳಿಕೊಂಡು ಹೋದವರು ಅರ್ಧ ಆಯಿಲ್‌ನಲ್ಲಿ ಹೈಡ್ರೋ ಓಡಿಸಿದ್ದನ್ನು ನೋಡಿದ್ದೇನೆ. ಅದಕ್ಕೆ ನಾನು ಲೀಟರ್‌ನಲ್ಲೇ ಬರೆದುಕೊಡುತ್ತೇನೆ.

ಕೇಸ್ ಕಂಪನಿಯ ಟ್ರಾಕ್ಟರ್ ಇನ್ನೊಂದು ಥರ. ಅದರಲ್ಲಿ ಹೈಡ್ರಾಲಿಕ್ ಪಂಪ್, ಮೋಟರ್‌ಗೆ ಎಂಜಿನ್ ಆಯಿಲ್. ಹಿಂದಿನ ಗೇರ್‌ಬಾಕ್ಸ್‌ಗೆ ಬೇರೆ ಗೇರ್ ಆಯಿಲ್. ಒಂದೇ ಗಾಡಿ, ಎರಡು ಪ್ಲಗ್, ಎರಡು ಆಯಿಲ್. ಜಾನ್ ಡಿಯರ್ 318ಕ್ಕೆ ಹಳೆ ಮ್ಯಾನ್ಯುಯಲ್ ಹೇಳುವುದು ಟೈಪ್-ಎಫ್ ಎಟಿಎಫ್. ಅದನ್ನು ಬೇರೆಯದರ ಜೊತೆ ಬೆರೆಸಬೇಡಿ.

ಇನ್ನು "ಎಲ್ಲದಕ್ಕೂ ಆಗುತ್ತೆ" ಅನ್ನುವ ಅಗ್ಗದ ಬಕೆಟ್. ಇದರ ಬಗ್ಗೆ ನನಗೆ ನಿಜವಾಗಲೂ ಸಿಟ್ಟಿದೆ. ಹಿಂದೆ ಜಾನ್ ಡಿಯರ್‌ನ '303' ಅನ್ನುವ ಟ್ರಾಕ್ಟರ್ ಆಯಿಲ್ ಇತ್ತು. ಅದರಲ್ಲಿ ಸ್ಪರ್ಮ್ ವೇಲ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. 1970ರ ಹೊತ್ತಿಗೆ ಅಮೆರಿಕ ಆ ತಿಮಿಂಗಿಲವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು, ಎಣ್ಣೆ ನಿಂತಿತು, 303 ಕೂಡ ನಿಂತುಹೋಯಿತು. ಆದರೆ ಅಂಗಡಿಯ ಬಕೆಟ್ ಮೇಲೆ '303' ಅನ್ನುವ ನಂಬರ್ ಮಾತ್ರ ಹಾಗೇ ಉಳಿಯಿತು. ಈಗ ಅದರ ಬೆನ್ನಿಗೆ ಯಾವ ಮಾನದಂಡವೂ ಇಲ್ಲ. ಕೊನೆಗೆ 2017ರಲ್ಲಿ ಮಿಸೌರಿ ರಾಜ್ಯದ ಕೃಷಿ ಇಲಾಖೆ ಅದರ ಮಾರಾಟ ನಿಷೇಧಿಸಿತು. ಬಕೆಟ್ ಮೇಲೆ ದೊಡ್ಡ ಅಕ್ಷರದಲ್ಲಿ ಏನಿದೆ ಅನ್ನುವುದನ್ನು ಬಿಡಿ, ಹಿಂದುಗಡೆ ಸಣ್ಣಕ್ಷರದಲ್ಲಿ ಯಾವ ಈಗಿನ ದರ್ಜೆಗೆ ಸರಿಹೊಂದುತ್ತದೆ ಅಂತ ಬರೆದಿದ್ದಾರೋ ಅದನ್ನು ಓದಿ. ಏನೂ ಬರೆದಿಲ್ಲದಿದ್ದರೆ ಅಲ್ಲೇ ಇಟ್ಟು ಬನ್ನಿ.

ನಮ್ಮ ಕಡೆ ಇದೇ ಕಥೆ ಬೇರೆ ರೂಪದಲ್ಲಿ ಇದೆ ಅಲ್ವಾ? ಎಷ್ಟೋ ವರ್ಷ ಟ್ರಾಕ್ಟರ್‌ಗೆ 90 ನಂಬರ್ ಅಂದರೆ ಮುಗಿಯಿತು. ಆಯಿಲ್ ಬ್ರೇಕ್ ಗಾಡಿಗಳು ಬಂದ ಮೇಲೆ ಗೇರ್, ಬ್ರೇಕ್, ಹೈಡ್ರಾಲಿಕ್ ಎಲ್ಲ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಅಲ್ಲಿ ಹಳೆ ಅಭ್ಯಾಸದಂತೆ 90 ಹಾಕಿದರೆ ಬ್ರೇಕ್ ಕಿರುಚತೊಡಗುತ್ತದೆ.

ಹೊಸ ಆಯಿಲ್ ತರುವ ಮೊದಲು ಹಳೆಯದನ್ನು ನೋಡುವುದು ನನ್ನ ಅಭ್ಯಾಸ. ಟ್ರಾಕ್ಟರ್ ಅರ್ಧ ಗಂಟೆ ಓಡಿಸಿ, ಬೆಚ್ಚಗಿರುವಾಗಲೇ ಡ್ರೈನ್ ಪ್ಲಗ್ ಬಿಚ್ಚುತ್ತೇನೆ. ಮೊದಲ ಲೋಟದಷ್ಟು ಆಯಿಲ್ ಗಾಜಿನ ಬಾಟಲಿಗೆ ಹಿಡಿಯುತ್ತೇನೆ. ಹಾಲು ಜಾಸ್ತಿ ಹಾಕಿದ ಕಾಫಿ ಥರ ಕಂಡರೆ ನೀರು ಸೇರಿದೆ. ಅನುಮಾನ ಇದ್ದರೆ ಕನ್ನಡಕ ಹಾಕಿಕೊಂಡು, ಕಾದ ಕಬ್ಬಿಣದ ತಟ್ಟೆಯ ಮೇಲೆ ಒಂದೇ ಒಂದು ಹನಿ ಬಿಡುತ್ತೇನೆ. ನೀರಿದ್ದರೆ ಚಟಪಟ ಅನ್ನುತ್ತದೆ, ಗುಳ್ಳೆ ಏಳುತ್ತದೆ. ಬರೀ ಆಯಿಲ್ ಆದರೆ ಸುಮ್ನೆ ಹರಡಿ ಹೊಗೆಯಾಡುತ್ತದೆ. ಪ್ಲಗ್ಗನ್ನು ಬೆರಳಲ್ಲಿ ಒರೆಸಿದಾಗ ಬೂದು ಬಣ್ಣದ ನುಣ್ಣನೆ ಪುಡಿ ಬಂದರೆ ಮಾಮೂಲಿ ಸವೆತ. ಉಗುರಿಗೆ ಸಿಗುವಂಥ ಚೂರು ಬಂದರೆ ಆಯಿಲ್ ಮಾತು ಅಲ್ಲಿಗೆ ನಿಲ್ಲಿಸಿ, ಬಿಚ್ಚಿ ನೋಡಬೇಕು.

ನೀರಿದ್ದ ಗೇರ್‌ಬಾಕ್ಸ್‌ನಲ್ಲಿ ಒಂದು ಸಲ ಬದಲಾಯಿಸಿದರೆ ಸಾಲದು. ಮೂಲೆಯಲ್ಲಿ ಹಳೆಯದು ಉಳಿದೇ ಇರುತ್ತದೆ. ಸರಿಯಾದ ಆಯಿಲ್ ತುಂಬಿ, ಹೈಡ್ರೋ ಆದರೆ ಫಿಲ್ಟರ್ ಕೂಡ ಹೊಸದು ಹಾಕಿ, ಹಿಂದಿನ ಚಕ್ರ ಎರಡೂ ನೆಲ ಬಿಟ್ಟು ಜಾಕ್ ಮೇಲೆ ನಿಲ್ಲಿಸಿ. ಎಂಜಿನ್ ನಿಧಾನಕ್ಕೆ ಓಡಿಸುತ್ತಾ ಲಿವರನ್ನು ಹಿಂದೆ ಮುಂದೆ ಮೆಲ್ಲಗೆ ಆಡಿಸಿ, ಒಳಗಿನ ಗಾಳಿ ಹೋಗುವವರೆಗೆ. ಶಬ್ದ ಇಳಿದ ಮೇಲೆ ಮತ್ತೆ ಮಟ್ಟ ನೋಡಿ ತುಂಬಿಸಿ. ಕೆಲವು ಗಂಟೆ ಕೆಲಸ ಮಾಡಿಸಿ ಇನ್ನೊಮ್ಮೆ ಇಳಿಸಿ. ಆಗಲೂ ಮಬ್ಬಾಗಿದ್ದರೆ ನೀರು ಹೊಸದಾಗಿ ಒಳಗೆ ಬರುತ್ತಿದೆ ಅಂತ ಲೆಕ್ಕ. ವೀಲ್ ಹಾರ್ಸ್‌ನ ಗೇರ್ ಮಾಡೆಲ್ ಆದರೆ ಗೇರ್ ಲಿವರ್ ಬುಡದ ರಬ್ಬರ್ ಬೂಟ್ ಎತ್ತಿ ನೋಡಿ. ಬಿರುಕು ಬಿಟ್ಟಿದ್ದರೆ ಮಳೆ ನೀರು ನೇರ ಗೇರ್‌ಬಾಕ್ಸ್‌ಗೇ ಇಳಿಯುತ್ತದೆ. ರಬ್ಬರ್ ಬದಲಾಯಿಸಿ, ಆಮೇಲೆ ಮೂರನೇ ಸಲದ ಆಯಿಲ್ ತನ್ನಿ.